ದಾರಿ ಕಾಣದ ಹೊತ್ತಿನ ಆಟಗಳು

ಎಲ್ರಿಗೂ ನಮಸ್ಕಾರ. ಇದು ನಾನು ಮಾತಾಡಿದ್ದನ್ನೇ ಆಮೇಲೆ ಕೂತು ಬರ್ಕೊಂಡಿದ್ದು. ಅವತ್ತು ಸ್ಕ್ರೀನ್ ಮೇಲೆ ಆಡಿ ತೋರಿಸಿದ್ದನ್ನೆಲ್ಲ ಇಲ್ಲಿ ಬಾಯಿಮಾತಲ್ಲೇ ಹೇಳ್ಬೇಕಾಗಿ ಬಂದಿದೆ, ಹಾಗಾಗಿ ಕೆಲವು ಕಡೆ ಸ್ವಲ್ಪ ಉದ್ದ ಆಗಿರಬಹುದು. ನಡುವೆ ಒಂದೆರಡು ಗೇಮ್‌ಗಳ ಉತ್ತರ ಬಿಟ್ಟುಕೊಟ್ಟಿದೀನಿ. ಅದಕ್ಕೆ ಮುಂಚೆನೇ ಹೇಳ್ತೀನಿ, ಬೇಡ ಅನ್ನೋರು ಆ ಪ್ಯಾರಾ ದಾಟ್ಕೊಂಡು ಹೋಗಿ.

ನಾನು ಗೇಮ್ ಮಾಡೋನಲ್ಲ, ಆಡೋನು. ಅದರಲ್ಲೂ ಸಣ್ಣ ಗೇಮ್‌ಗಳು. ಸಣ್ಣದು ಅಂದ್ರೆ ಒಬ್ರೋ ಇಬ್ರೋ ಇಲ್ಲ ಒಂದು ಪುಟ್ಟ ಟೀಮ್ ಸೇರ್ಕೊಂಡು ಮಾಡಿರೋದು, ಎರಡು ಗಂಟೆಯಿಂದ ಹತ್ತು ಹದಿನೈದು ಗಂಟೆಯೊಳಗೆ ಮುಗಿಯೋದು, ಗುಂಡು ಹಾರಿಸೋದು ಓಡೋದಕ್ಕಿಂತ ಏನೋ ಒಂದು ಗಂಟು ಬಿಚ್ಚೋ ಕೆಲ್ಸ ಜಾಸ್ತಿ ಇರೋದು, ಇಲ್ಲಾ ಒಂದು ಜಾಗದಲ್ಲಿ ಸುಮ್ನೆ ಓಡಾಡ್ತಾ ಅಲ್ಲೇನಾಯ್ತು ಅಂತ ತಿಳ್ಕೊಳ್ಳೋದು. ಇಂಥವನ್ನ ಆಡ್ತಾ ಆಡ್ತಾ ನನ್ನ ತಲೇಲಿ ಒಂದು ಮಾತು ಗಟ್ಟಿಯಾಗಿ ಕೂತ್ಬಿಟ್ಟಿದೆ, ಇವತ್ತು ಅದನ್ನೇ ಹೇಳ್ಬೇಕು ಅಂತ ಬಂದಿದೀನಿ. ಈ ಗೇಮ್‌ಗಳಲ್ಲಿ ನಾವು ಮುಂದೆ ಹೋಗ್ತಿರೋ ಹೊತ್ತಿಗಿಂತ ಸಿಕ್ಕಿಹಾಕ್ಕೊಂಡು ಕೂತಿರೋ ಹೊತ್ತೇ ಜಾಸ್ತಿ, ಹಾಗಾಗಿ ಒಂದು ಪಝಲ್ ಗೇಮ್ ಚೆನ್ನಾಗಿದೆಯಾ ಇಲ್ವಾ ಅನ್ನೋದು ಆ ಸಿಕ್ಕಿಹಾಕ್ಕೊಂಡಿರೋ ಹೊತ್ತು ಹೇಗಿರತ್ತೆ ಅನ್ನೋದ್ರ ಮೇಲೇ ನಿಂತಿದೆ.

ಜನ ಮಾತ್ರ ಬೇರೆ ಪ್ರಶ್ನೆ ಕೇಳ್ತಾರೆ. "ಎಷ್ಟು ಗಂಟೆ ಗೇಮ್ ಇದು?" ಯಾವುದಾದ್ರೂ ಗೇಮ್ ಚೆನ್ನಾಗಿದೆ ಅಂತ ನಾನು ಬಾಯಿ ಬಿಟ್ರೆ ಸಾಕು, ಮೊದಲು ಬರೋ ಪ್ರಶ್ನೆ ಅದೇ. 2014ರಲ್ಲಿ ಮಾನ್ಯುಮೆಂಟ್ ವ್ಯಾಲಿ ಬಂದಾಗ ಎಷ್ಟು ಚೆನ್ನಾಗಿತ್ತು ಅದು, ಗೋಪುರನ ಒಂದು ಕಡೆ ತಿರುಗಿಸಿದ್ರೆ ಸೇರೋಕೇ ಸಾಧ್ಯ ಇಲ್ದಿರೋ ಎರಡು ದಾರಿ ಕಣ್ಣೆದುರಿಗೇ ಸೇರ್ಕೊಂಡ್ಬಿಡೋದು, ಆದ್ರೂ ಬೇಗ ಮುಗಿದೋಯ್ತು ಅನ್ನೋದೇ ದೊಡ್ಡ ದೂರು. ಅದೇ ವರ್ಷ ಹೊಸ ಲೆವೆಲ್‌ಗಳನ್ನ ಮಾಡಿ ಅದಕ್ಕೆ ಬೇರೆ ದುಡ್ಡು ಕೇಳಿದ್ದಕ್ಕೆ ಒಂದಷ್ಟು ಜನ ಸಿಟ್ಟಿಂದ ಒಂದೇ ಸ್ಟಾರ್ ಕೊಟ್ಟು ಹೋದ್ರು. ನಂಗೆ ಅದು ಇವತ್ತಿಗೂ ಬೇಜಾರು. ಗಂಟೆ ಲೆಕ್ಕದಲ್ಲಿ ಗೇಮ್ ಅಳೆಯೋಕೆ ಶುರು ಮಾಡಿದ್ರೆ ಮಾಡೋರು ಏನು ಮಾಡ್ತಾರೆ, ಒಂದೇ ಥರದ ಪಝಲನ್ನ ಇಪ್ಪತ್ತು ಸಲ ಹಾಕ್ತಾರೆ, ಬೀಗ ಇಲ್ಲಿ ಬೀಗದಕೈ ಆ ತುದೀಲಿ ಅಂತ ನಮ್ಮನ್ನ ಓಡಾಡಿಸ್ತಾರೆ. ಆ ಓಡಾಟದಲ್ಲಿ ತಲೆಗೆ ಏನೂ ಕೆಲ್ಸ ಇರಲ್ಲ, ಗಂಟೆ ಮಾತ್ರ ತುಂಬತ್ತೆ.

ಎ ಶಾರ್ಟ್ ಹೈಕ್ ಅಂತ ಒಂದಿದೆ, 2019ದು, ಆಡಮ್ ರಾಬಿನ್ಸನ್-ಯೂ ಅನ್ನೋರು ಮಾಡಿದ್ದು. ಕ್ಲೇರ್ ಅನ್ನೋ ಒಂದು ಹಕ್ಕಿ ಒಂದು ಫೋನ್ ಕಾಲ್‌ಗೆ ಕಾಯ್ತಿರ್ತಾಳೆ, ಸಿಗ್ನಲ್ ಸಿಗ್ಬೇಕು ಅಂದ್ರೆ ಬೆಟ್ಟದ ತುದಿಗೆ ಹೋಗ್ಬೇಕು, ಅಷ್ಟೇ ಕಥೆ. ಎರಡು ಗಂಟೇಲಿ ಆರಾಮಾಗಿ ಮುಗಿಯತ್ತೆ. ಮೇಲೆ ಹತ್ತೋಕೆ ಚಿನ್ನದ ಗರಿ ಬೇಕು, ಗರಿ ಹುಡುಕ್ತಾ ಹೋದ್ರೆ ದಾರೀಲಿ ಯಾರೋ ಸಿಕ್ತಾರೆ, ಅವ್ರಿಗೆ ಏನೋ ಬೇಕಾಗಿರತ್ತೆ, ಅದನ್ನ ಹುಡುಕ್ತಾ ಬೆಟ್ಟದ ಇನ್ನೊಂದು ಮಗ್ಗುಲಿಗೆ ಹೋಗಿರ್ತೀವಿ. ದಾರಿ ತಪ್ತು ಅನ್ನೋ ಭಯಾನೇ ಇಲ್ಲ. ತುದಿ ಮುಟ್ಟಿ, ಫೋನ್ ಮಾತು ಮುಗಿಸಿ, ಅಲ್ಲಿಂದ ರೆಕ್ಕೆ ಬಿಚ್ಚಿ ಕೆಳಗೆ ತೇಲ್ಕೊಂಡು ಬರೋವಾಗ ನಾವು ಒಂದೊಂದೇ ಹತ್ತಿದ್ದ ಜಾಗ ಎಲ್ಲ ಕಾಲ ಕೆಳಗೆ ಹಾದು ಹೋಗತ್ತೆ. ಅದು ಇಪ್ಪತ್ತು ಗಂಟೆ ಗೇಮ್ ಆಗಿದ್ರೆ ಆ ಇಳಿಯೋ ಖುಷಿ ಇರ್ತಿರ್ಲಿಲ್ಲ, ಯಾಕಂದ್ರೆ ಹತ್ತಿದ್ದೇ ಮರೆತೋಗಿರೋದು.

ಸರಿ, ಸಿಕ್ಕಿಹಾಕ್ಕೊಳ್ಳೋ ವಿಷಯಕ್ಕೆ ಬರ್ತೀನಿ.

ಬೇರೆ ಥರದ ಗೇಮ್‌ಗಳಲ್ಲಿ ಮುಂದಕ್ಕೆ ಹೋಗೋಕೆ ಆಗ್ಲಿಲ್ಲ ಅಂದ್ರೆ ವಾಪಸ್ ಹೋಗಿ ಸ್ವಲ್ಪ ಶಕ್ತಿ ಕೂಡಿಟ್ಕೊಂಡು ಒಳ್ಳೆ ಕತ್ತಿ ತಗೊಂಡು ಬರಬಹುದು. ಪಝಲ್ ಗೇಮ್‌ನಲ್ಲಿ ಆ ದಾರಿ ಇಲ್ಲ. ನಿನ್ನೆ ಇದ್ದಿದ್ದೇ ಬಾಗಿಲು, ಅದೇ ಪೆಟ್ಟಿಗೆ, ಕೈಯಲ್ಲಿರೋದೂ ಅದೇ, ಬದಲಾಗ್ಬೇಕಾಗಿರೋದು ನಮಗೆ ಗೊತ್ತಿರೋದು ಮಾತ್ರ. ಇದನ್ನ ಔಟರ್ ವೈಲ್ಡ್ಸ್‌ನಷ್ಟು ಸ್ವಚ್ಛವಾಗಿ ಮಾಡಿರೋ ಗೇಮ್ ನಾನು ಇನ್ನೊಂದು ನೋಡಿಲ್ಲ. ಅದೂ 2019ರದೇ, ವಿದ್ಯಾರ್ಥಿ ಪ್ರಾಜೆಕ್ಟ್ ಆಗಿ ಶುರುವಾಗಿದ್ದು. ಒಂದು ಪುಟ್ಟ ಸೌರಮಂಡಲ, 22 ನಿಮಿಷಕ್ಕೊಂದು ಸಲ ಎಲ್ಲ ಸುಟ್ಟು ಹೋಗಿ ಮತ್ತೆ ಮೊದಲಿಂದ. ಅಲ್ಲಿ ನಮ್ಮ ನೌಕೆ ಬೆಳೆಯಲ್ಲ, ಹೊಸ ಸಾಮಾನು ಸಿಗಲ್ಲ. ಕೊನೇಲಿ ಏನು ಮಾಡ್ಬೇಕೋ ಅದನ್ನ ಶುರುವಿನಲ್ಲೇ ಮಾಡಬಹುದಿತ್ತು, ಮಾಡಬಹುದು ಅಂತ ಗೊತ್ತಿರ್ಲಿಲ್ಲ ಅಷ್ಟೇ. ಇದಕ್ಕಿಂತ ಜಾಸ್ತಿ ಹೇಳಿದ್ರೆ ನಿಮ್ಮ ಗೇಮ್ ನಾನು ಕಿತ್ಕೊಂಡಂಗೆ ಆಗತ್ತೆ, ಇಲ್ಲಿಗೆ ಬಿಡ್ತೀನಿ.

ಹಳೇದಕ್ಕೆ ಹೋಗೋಣ. ಸೋಕೋಬಾನ್. 1982ರಲ್ಲಿ ಜಪಾನ್‌ನಲ್ಲಿ ಬಂದಿದ್ದು, ಹಿರೋಯುಕಿ ಇಮಾಬಯಾಶಿ ಅನ್ನೋರು ಮಾಡಿದ್ದು. ಗೋಡೌನ್ ಕೆಲಸದವನೊಬ್ಬ, ಒಂದಷ್ಟು ಪೆಟ್ಟಿಗೆ, ಅವನ್ನ ಗುರುತು ಮಾಡಿರೋ ಜಾಗಕ್ಕೆ ಸೇರಿಸ್ಬೇಕು. ನಿಯಮ ಒಂದೇ: ತಳ್ಳಬಹುದು, ಎಳೆಯೋಕಾಗಲ್ಲ, ಅದೂ ಒಂದು ಸಲಕ್ಕೆ ಒಂದೇ ಪೆಟ್ಟಿಗೆ. ಈ ಒಂದು "ಎಳೆಯೋಕಾಗಲ್ಲ" ಅನ್ನೋದ್ರಿಂದ ಎಷ್ಟು ಹುಟ್ಟತ್ತೆ ನೋಡಿ. ಪೆಟ್ಟಿಗೆ ಮೂಲೆಗೆ ಹೋಯ್ತೋ, ಮುಗೀತು, ಅದು ಇನ್ನು ಯಾವತ್ತೂ ಆಚೆ ಬರಲ್ಲ. ಗೋಡೆಗೆ ಅಂಟಿದ್ರೆ ಗೋಡೆ ಉದ್ದಕ್ಕೂ ಜಾರತ್ತೆ ಅಷ್ಟೇ, ಆ ಗೋಡೆ ಪಕ್ಕ ಗುರುತು ಇಲ್ಲ ಅಂದ್ರೆ ಅದೂ ಸತ್ತಂಗೇ. ಮೂರು ನಿಮಿಷ ಆಡಿದ್ರೆ ಯಾರೂ ಹೇಳಿಕೊಡದೇನೆ ಇದೆಲ್ಲ ಗೊತ್ತಾಗಿರತ್ತೆ, ಆಮೇಲೆ ಲೆವೆಲ್ ನೋಡಿದ ತಕ್ಷಣ ಕಣ್ಣು ತಾನಾಗೇ ಮೂಲೆಗಳನ್ನ ಹುಡುಕತ್ತೆ. ನೋಡೋಕೆ ಇಷ್ಟು ಚಿಕ್ಕ ಆಟ, ಆದ್ರೆ ಕಂಪ್ಯೂಟರ್ ವಿಜ್ಞಾನದೋರು ಇದರ ಮೇಲೆ ಕೂತು ಲೆಕ್ಕ ಹಾಕಿ ಇದು ತುಂಬಾ ಕಷ್ಟದ ಸಮಸ್ಯೆಗಳ ವರ್ಗಕ್ಕೇ ಸೇರತ್ತೆ ಅಂತ 1997ರಲ್ಲಿ ಸಾಬೀತು ಮಾಡಿದಾರೆ.

ಅದೇ ಮೂಲೆನ 2019ರಲ್ಲಿ ಬಾಬಾ ಈಸ್ ಯೂ ಗೇಮ್ ಎಲ್ಲಿಗೆ ತಗೊಂಡು ಹೋಯ್ತು ಅಂತ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಮೈ ಜುಮ್ ಅನ್ನತ್ತೆ. ಫಿನ್ಲೆಂಡಿನ ಆರ್ವಿ ತೈಕಾರಿ ಮಾಡಿದ್ದು, 2017ರ ಒಂದು ಗೇಮ್ ಜ್ಯಾಮ್‌ನಲ್ಲಿ, ಅಂದ್ರೆ ಕೆಲವೇ ದಿನದಲ್ಲಿ ಗೇಮ್ ಮಾಡಿ ಮುಗಿಸೋ ಕೂಟದಲ್ಲಿ, ಹುಟ್ಟಿದ್ದು. ಇಲ್ಲೂ ತಳ್ಳೋದೇ ಕೆಲಸ, ಆದ್ರೆ ತಳ್ಳೋದು ಪದಗಳನ್ನ. ನೆಲದ ಮೇಲೆ ಮೂರು ಮೂರು ಪದ ಸಾಲಾಗಿ ಬಿದ್ದಿರತ್ತೆ: "ಬಾಬಾ ಈಸ್ ಯೂ", "ವಾಲ್ ಈಸ್ ಸ್ಟಾಪ್", "ಫ್ಲ್ಯಾಗ್ ಈಸ್ ವಿನ್". ಸಾಲು ಸರಿಯಾಗಿ ಕೂತಿದ್ರೆ ಅದೇ ನಿಯಮ. ಗೋಡೆ ಯಾಕೆ ತಡೀತಿದೆ ಅಂದ್ರೆ ಅಲ್ಲಿ ಹಾಗೆ ಬರ್ದಿದೆ ಅಂತ. ಆ ಸಾಲಲ್ಲಿ ಒಂದು ಪದನ ಪಕ್ಕಕ್ಕೆ ತಳ್ಳಿ, ಗೋಡೆ ಇದ್ದಲ್ಲೇ ಇರತ್ತೆ ಆದ್ರೆ ನೀವು ಅದ್ರೊಳಗಿಂದ ನಡ್ಕೊಂಡು ಹೋಗಬಹುದು. "ಬಾಬಾ" ತೆಗೆದು ಅಲ್ಲಿ "ರಾಕ್" ಇಟ್ರೆ ಈಗ ನೀವೇ ಬಂಡೆ, ಲೆವೆಲ್‌ನಲ್ಲಿ ಆರು ಬಂಡೆ ಇದ್ರೆ ಆರೂ ನೀವೇ, ಬಾಣದ ಕೀ ಒತ್ತಿದ್ರೆ ಆರೂ ಒಟ್ಟಿಗೆ ಜರುಗತ್ತೆ. ತಪ್ಪಿ "ಬಾಬಾ ಈಸ್ ಯೂ" ಅನ್ನೋ ಸಾಲೇ ಒಡೆದು ಹೋದ್ರೆ ನೀವು ಯಾರೂ ಅಲ್ಲ, ಯಾವ ಕೀ ಒತ್ತಿದ್ರೂ ಏನೂ ಕದಲಲ್ಲ. ಆಗ ಮಾಡಿದ್ದನ್ನ ರದ್ದು ಮಾಡಿ ಒಂದು ಹೆಜ್ಜೆ ಹಿಂದಕ್ಕೆ ಹೋದ್ರೆ ಆಯ್ತು, ಎಷ್ಟು ಹೆಜ್ಜೆ ಬೇಕಾದ್ರೂ ಹಿಂದಕ್ಕೆ ಹೋಗಬಹುದು.

ಈಗ ಮೂಲೆ ವಿಷಯ. ಪದಗಳೂ ಪೆಟ್ಟಿಗೆ ಥರಾನೇ, ಮೂಲೇಲಿ ಇಟ್ರೆ ಅಲ್ಲಾಡಿಸೋಕಾಗಲ್ಲ. ಅಂದ್ರೆ ಯಾವ ನಿಯಮನ ಮುರೀಬಾರ್ದು ಅಂತ ಡಿಸೈನರ್‌ಗೆ ಇದೆಯೋ ಅದನ್ನ ಮೂಲೆಗೆ ಒತ್ತರಿಸಿ ಇಟ್ಟಿರ್ತಾರೆ, ಮುರೀಬಹುದಾದ್ದನ್ನ ಕೈಗೆ ಸಿಗೋ ಹಾಗೆ ಬಿಟ್ಟಿರ್ತಾರೆ. ಇದು ನಂಗೆ ಅರ್ಥ ಆಗಿದ್ದು ತುಂಬಾ ತಡವಾಗಿ, ಒಂದು ಲೆವೆಲ್‌ನಲ್ಲಿ ಮೂರು ದಿನ ಸಿಕ್ಕಿಹಾಕ್ಕೊಂಡಿದ್ದಾಗ. ಮೂರು ದಿನಾನೂ ನಾನು ಮೂಲೇಲಿದ್ದ ಸಾಲನ್ನ ಹೇಗಪ್ಪಾ ಮುರಿಯೋದು ಅಂತಲೇ ನೋಡ್ತಿದ್ದೆ. ಕೀಲಿ ಅಲ್ಲಿ ಇರ್ಲೇ ಇಲ್ಲ. ಆಮೇಲೆ ಪಾತ್ರೆ ತೊಳೀತಾ ನಿಂತಿದ್ದಾಗ, ಅಯ್ಯೋ ಅದು ಮೂಲೇಲಿದೆ ಅಂದ್ರೆ ಅದನ್ನ ಮುಟ್ಟಬೇಡ ಅಂತ ಅರ್ಥ, ಅದು ಹಾಗೇ ಇರ್ಲಿ ಅಂತ ಒಪ್ಕೊಂಡು ಉಳಿದಿದ್ದನ್ನ ನೋಡು ಅಂತ ಹೊಳೀತು. ಒದ್ದೆ ಕೈಯಲ್ಲೇ ಬಂದು ಕೂತೆ, ಎರಡೇ ನಿಮಿಷ ಸಾಕಾಯ್ತು. ಆ ಮೂರು ದಿನ ವೇಸ್ಟ್ ಆಯ್ತು ಅಂತ ನಂಗೆ ಒಂದು ಕ್ಷಣಾನೂ ಅನ್ಸಿಲ್ಲ, ಯಾಕಂದ್ರೆ ಬೇಕಾಗಿದ್ದೆಲ್ಲ ಒಂದೇ ಸ್ಕ್ರೀನ್ ಮೇಲೆ ನನ್ನ ಕಣ್ಣೆದುರಿಗೇ ಇತ್ತು, ಯಾರೂ ಏನೂ ಮುಚ್ಚಿಟ್ಟಿರ್ಲಿಲ್ಲ.

ಮುಚ್ಚಿಟ್ರೆ ಹೇಗಿರತ್ತೆ ಅಂತಾನೂ ಹೇಳ್ತೀನಿ. ಹಳೇ ಅಡ್ವೆಂಚರ್ ಗೇಮ್‌ಗಳ ಮೇಲೆ, ಅಂದ್ರೆ ಕಥೆಯೊಳಗೆ ಓಡಾಡ್ತಾ ಸಿಕ್ಕಿದ್ದನ್ನ ಬಳಸಿ ಒಗಟು ಬಿಡಿಸೋ ಗೇಮ್‌ಗಳ ಮೇಲೆ, ನಂಗೆ ಪ್ರೀತಿ ಇದೆ, ಆದ್ರೂ ಅವು ಕೆಲವು ಸಲ ಆಡೋರ ಜೊತೆ ಮೋಸದಾಟ ಆಡಿವೆ. 1990ರ ಕಿಂಗ್ಸ್ ಕ್ವೆಸ್ಟ್ 5 ತಗೊಳ್ಳಿ. ಒಂದು ಜಾಗದಲ್ಲಿ ಬೆಕ್ಕು ಇಲಿನ ಅಟ್ಟಿಸ್ಕೊಂಡು ಹೋಗತ್ತೆ, ಒಂದೆರಡು ಕ್ಷಣ ಅಷ್ಟೇ. ಆಗ ಬೆಕ್ಕಿನ ಕಡೆ ಏನಾದ್ರೂ ಎಸೆದು ಇಲಿನ ಉಳಿಸಿರ್ಬೇಕು. ಉಳಿಸಿಲ್ಲ ಅಂದ್ರೆ, ಎಷ್ಟೋ ಹೊತ್ತಾದ ಮೇಲೆ ನಿಮ್ಮನ್ನ ಹಗ್ಗದಲ್ಲಿ ಕಟ್ಟಿ ನೆಲಮಾಳಿಗೇಲಿ ಹಾಕಿದಾಗ ಹಗ್ಗ ಕಡಿಯೋಕೆ ಬರ್ಬೇಕಾದ ಇಲಿ ಬರಲ್ಲ, ಕಥೆ ಅಲ್ಲಿಗೆ ಮುಗೀತು. ತಪ್ಪಾಗಿದ್ದು ಎಲ್ಲಿ ಅಂತಾನೂ ಗೊತ್ತಾಗಲ್ಲ. ಈ ಸಿಕ್ಕಿಹಾಕ್ಕೊಳ್ಳೋದ್ರಲ್ಲಿ ಯೋಚ್ನೆ ಮಾಡೋಕೆ ಏನೂ ಇಲ್ಲ, ಮುಂಚೆ ಉಳಿಸಿಟ್ಟಿದ್ದ ಹಳೇ ಸೇವ್ ಹುಡುಕಿ ಅಲ್ಲಿಂದ ಮತ್ತೆ ಆಡ್ಬೇಕು ಅಷ್ಟೇ.

ಇನ್ನೊಂದು ಥರ ಇದೆ, ಎಲ್ಲ ಎದುರಿಗಿದ್ರೂ ಡಿಸೈನರ್ ತಲೇಲಿ ಏನಿದೆ ಅಂತ ಊಹೆ ಮಾಡ್ಬೇಕಾಗಿರೋದು. 1999ರ ಗೇಬ್ರಿಯಲ್ ನೈಟ್ 3ರ ಬೆಕ್ಕಿನ ಮೀಸೆ ಇದಕ್ಕೇ ಹೆಸರುವಾಸಿ. ಬೈಕ್ ಬಾಡಿಗೆಗೆ ತಗೊಳ್ಳೋಕೆ ನಾಯಕ ಗೆಳೆಯನ ವೇಷ ಹಾಕ್ಬೇಕು. ಬೆಕ್ಕು ನುಸುಳೋ ಕಿಂಡಿಗೆ ಟೇಪ್ ಅಂಟಿಸಿ, ಅದರ ಕೂದಲು ಕಿತ್ತು, ಸಿರಪ್ ಹಚ್ಚಿ ಮೀಸೆ ಮಾಡ್ಕೋಬೇಕು. ಆದ್ರೆ ಆ ಗೆಳೆಯನಿಗೆ ಮೀಸೇನೇ ಇಲ್ಲ! ಅದಕ್ಕೆ ಅವನ ಪಾಸ್‌ಪೋರ್ಟ್ ಫೋಟೋ ಮೇಲೆ ಪೆನ್ನಲ್ಲಿ ಮೀಸೆ ಬರೀಬೇಕು. ಇದನ್ನ ಓದಿ ನಗೋದು ಸುಲಭ, ಆದ್ರೆ ಇದ್ರಲ್ಲಿ ಸಿಕ್ಕಿಹಾಕ್ಕೊಂಡೋರನ್ನ ಕೇಳಿ. ಉತ್ತರ ನೋಡಿದ ಮೇಲೂ "ಛೆ, ನಂಗೆ ಹೊಳೀಬೇಕಿತ್ತು" ಅಂತ ಅನ್ಸಲ್ಲ. ನನ್ನ ಪ್ರಕಾರ ಅದೇ ಪರೀಕ್ಷೆ. ಉತ್ತರ ಸಿಕ್ಕಾಗ ಹಣೆ ಚಚ್ಚಿಕೊಂಡ್ರೆ ಪಝಲ್ ಸರಿ ಇತ್ತು ಅಂತ ಅರ್ಥ, ಹೆಗಲು ಹಾರಿಸಿ ಸುಮ್ಮನಾದ್ರೆ ಇಲ್ಲ.

ಹಣೆ ಚಚ್ಚಿಕೊಳ್ಳೋ ಉದಾಹರಣೆ ಕೊಡ್ತೀನಿ, ಇಲ್ಲಿ ಉತ್ತರ ಹೇಳ್ತಿದೀನಿ, 1990ರ ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್ ಆಡಬೇಕು ಅಂತಿರೋರು ಮುಂದಿನ ಪ್ಯಾರಾಗೆ ಹೋಗಿ. ನಾಯಕನನ್ನ ಒಂದು ವಿಗ್ರಹಕ್ಕೆ ಹಗ್ಗದಲ್ಲಿ ಕಟ್ಟಿ ಸಮುದ್ರಕ್ಕೆ ಎಸೀತಾರೆ. ಅವನು ಹತ್ತು ನಿಮಿಷ ಉಸಿರು ಹಿಡಿಯಬಲ್ಲ ಅಂತ ಮೊದಲೇ ಹೇಳ್ಕೊಂಡಿರ್ತಾನೆ, ಈಗ ಗೇಮ್ ನಿಜವಾಗ್ಲೂ ಹತ್ತು ನಿಮಿಷ ಕೊಡತ್ತೆ. ಸಮುದ್ರದ ತಳದಲ್ಲಿ ಸುತ್ತ ಕತ್ತಿ ಚಾಕು ಏನೇನೋ ಹರಿತವಾದ್ದು ಬಿದ್ದಿದೆ, ಹಗ್ಗ ಎಷ್ಟು ಎಳೆದ್ರೂ ಒಂದೂ ಕೈಗೆ ಸಿಗಲ್ಲ. ಎಲ್ರೂ ಒಂದೊಂದಕ್ಕೂ ಕೈ ಚಾಚ್ತಾರೆ, ನಾನೂ ಚಾಚಿದೆ. ಉತ್ತರ: ವಿಗ್ರಹನ ಎತ್ಕೊಂಡು ನಡೀರಿ. ಅಷ್ಟೇ. ಅಲ್ಲಿವರೆಗೂ ಸಿಕ್ಕಿದ್ದನ್ನೆಲ್ಲ ಎತ್ತಿ ಜೇಬಿಗೆ ಹಾಕ್ಕೊಂಡು ಬಂದಿರ್ತೀವಿ, ನಮ್ಮನ್ನ ಕಟ್ಟಿರೋ ವಸ್ತುನೂ ಎತ್ತಬಹುದು ಅಂತ ಮಾತ್ರ ತಲೆಗೆ ಬಂದಿರಲ್ಲ. ಇದನ್ನ ಮಾಡಿದ ರಾನ್ ಗಿಲ್ಬರ್ಟ್ ಅದಕ್ಕೆ ಒಂದು ವರ್ಷ ಮುಂಚೆನೇ ಅಡ್ವೆಂಚರ್ ಗೇಮ್‌ಗಳು ಯಾಕೆ ಇಷ್ಟು ಕೆಟ್ಟದಾಗಿವೆ ಅಂತ ಒಂದು ಲೇಖನ ಬರ್ದಿದ್ರು, ಆಡೋರು ಗೊತ್ತಿಲ್ದೇನೆ ದಾರಿ ಮುಚ್ಕೊಳ್ಳೋ ಹಾಗೆ ಮಾಡಬಾರ್ದು ಅನ್ನೋದು ಅದರಲ್ಲಿದ್ದ ಮುಖ್ಯ ಮಾತುಗಳಲ್ಲಿ ಒಂದು. ಬರ್ದು ಸುಮ್ನಾಗದೆ ಮಾಡಿ ತೋರಿಸಿದ್ರು, ಅದು ನಂಗೆ ದೊಡ್ಡದು ಅನ್ಸತ್ತೆ.

ಈಗ ನಾನು ಎಲ್ಲಕ್ಕಿಂತ ಜಾಸ್ತಿ ಇಷ್ಟಪಟ್ಟಿದ್ದು, ರಿಟರ್ನ್ ಆಫ್ ದಿ ಓಬ್ರಾ ಡಿನ್. 2018, ಲ್ಯೂಕಸ್ ಪೋಪ್ ಹೆಚ್ಚುಕಮ್ಮಿ ಒಬ್ರೇ ಮಾಡಿದ್ದು. 1807ನೇ ಇಸವಿ, ಕಳೆದು ಹೋಗಿದ್ದ ಹಡಗು ಖಾಲಿಯಾಗಿ ವಾಪಸ್ ಬಂದಿದೆ, ನೀವು ಈಸ್ಟ್ ಇಂಡಿಯಾ ಕಂಪನಿ ಕಡೆಯಿಂದ ವಿಮೆ ಲೆಕ್ಕ ಹಾಕೋಕೆ ಬಂದಿರೋರು. ಹಡಗಲ್ಲಿದ್ದೋರು 60 ಜನ, ಒಬ್ಬೊಬ್ರೂ ಯಾರು, ಏನಾದ್ರು, ಯಾರಿಂದ ಆಯ್ತು ಅಂತ ಪುಸ್ತಕದಲ್ಲಿ ತುಂಬಿಸ್ಬೇಕು. ಕೈಯಲ್ಲಿ ಒಂದು ಗಡಿಯಾರ, ಅಸ್ಥಿಪಂಜರದ ಹತ್ರ ಹಿಡಿದ್ರೆ ಆ ಮನುಷ್ಯ ಸತ್ತ ಕ್ಷಣ ಕಲ್ಲಿನ ಥರ ನಿಂತ್ಬಿಡತ್ತೆ, ಅದರೊಳಗೆ ನಡ್ಕೊಂಡು ಓಡಾಡಬಹುದು. ಊಹೆ ಹೊಡೆದು ಗೆಲ್ಲೋಣ ಅಂದ್ರೆ ಆಗಲ್ಲ, ಯಾಕಂದ್ರೆ ಮೂರು ಜನರದ್ದು ಪೂರ್ತಿ ಸರಿ ಆದಾಗ ಮಾತ್ರ ಪುಸ್ತಕ ಸರಿ ಅನ್ನತ್ತೆ. ಒಬ್ರದ್ದು ಸರಿ ಮಾಡಿದ್ರೂ ಮೌನ. ಈ ಮೂರು ಅನ್ನೋ ಲೆಕ್ಕ ಎಷ್ಟು ಯೋಚ್ನೆ ಮಾಡಿ ಇಟ್ಟಿರೋದು ನೋಡಿ: ಒಂದೊಂದೇ ಆಗಿದ್ರೆ ಎಲ್ಲ ಹೆಸ್ರೂ ಸಾಲಾಗಿ ಹಾಕ್ಕೊಂಡು ಹೋಗಿ ಕಂಡುಹಿಡೀಬಹುದಿತ್ತು, ಹತ್ತು ಆಗಿದ್ರೆ ನಾವು ಸರಿ ಹೋಗ್ತಿದೀವಾ ಇಲ್ವಾ ಗೊತ್ತಾಗ್ದೇ ಕೈಚೆಲ್ತಿದ್ವಿ. ಇಬ್ರು ಖಂಡಿತ ಗೊತ್ತಿದ್ದು ಇನ್ನೊಬ್ರ ಬಗ್ಗೆ ಅನುಮಾನ ಇದ್ರೆ ಸ್ವಲ್ಪ ಊಹೆಗೂ ಜಾಗ ಇದೆ.

ಮತ್ತೆ ಒಂದು ಉತ್ತರ, ಬೇಡ ಅಂದ್ರೆ ದಾಟಿ. ನಾನು ಅರ್ಧಕ್ಕೆ ಬಂದು ನಿಂತ್ಬಿಟ್ಟಿದ್ದೆ, ನಾವಿಕರ ಮುಖ ಎಲ್ಲ ಗೊತ್ತು ಹೆಸ್ರು ಒಂದೂ ಗೊತ್ತಿಲ್ಲ. ಅವ್ರು ಮಲ್ಗೋ ಜಾಗದ ಒಂದು ದೃಶ್ಯ ಇದೆ, ಅದನ್ನ ಹತ್ತಾರು ಸಲ ನೋಡಿದ್ದೆ, ಪ್ರತಿ ಸಲ ಹೋಗಿ ಸತ್ತೋರ ಪಕ್ಕ ನಿಲ್ತಿದ್ದೆ, ಸಾವು ಅಲ್ಲೇ ಅಲ್ವಾ ಆಗಿರೋದು ಅಂತ. ಒಂದ್ಸಲ ಸುಮ್ನೆ ಆ ಕಡೆ ತಿರುಗಿದೆ. ಸಾಲಾಗಿ ತೂಗು ಹಾಸಿಗೆ, ಒಂದೊಂದಕ್ಕೂ ನಂಬರು. ಪುಸ್ತಕದ ಶುರುವಿನಲ್ಲಿ ಜನರ ಪಟ್ಟಿ ಇದೆಯಲ್ಲ, ಅಲ್ಲೂ ನಂಬರು. ನಂಬರಿಗೆ ನಂಬರು ಹೊಂದಿಸಿದ್ರೆ ಮಲಗಿರೋನ ಹೆಸ್ರು ಬಂತು. ಮುಖ ಕಾಣದೇ ಮಲಗಿದ್ದೋರದ್ದು ಕಾಲು ಮಾತ್ರ ಆಚೆ ಚಾಚ್ಕೊಂಡಿತ್ತು, ಹಾಗಾಗಿ ಆಮೇಲೆ ಇಡೀ ಹಡಗಲ್ಲಿ ಎಲ್ರ ಬೂಟು ನೋಡ್ಕೊಂಡು ಓಡಾಡಿದೆ. ಅವತ್ತು ರಾತ್ರಿ ಎಷ್ಟೊತ್ತಿಗೆ ಮಲಗಿದ್ನೋ ನೆನಪಿಲ್ಲ, ಆ ನಂಬರ್ ಕಂಡ ಕ್ಷಣ ಮಾತ್ರ ಇನ್ನೂ ಹಾಗೇ ಇದೆ.

ದಿ ವಿಟ್ನೆಸ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. 2016ದು, 500ಕ್ಕೂ ಹೆಚ್ಚು ಪಝಲ್, ಒಂದು ದ್ವೀಪ, ಎಲ್ಲಾ ಗೆರೆ ಎಳೆಯೋದೇ, ಒಂದು ಸಾಲು ವಿವರಣೆ ಇಲ್ಲ. ಒಂದು ಕಡೆ ಸಿಕ್ಕಿಹಾಕ್ಕೊಂಡ್ರೆ ಎದ್ದು ಇನ್ನೊಂದು ಕಡೆ ನಡೀಬಹುದು, ಅಲ್ಲಿ ಕಲಿತದ್ದನ್ನ ತಗೊಂಡು ವಾಪಸ್ ಬರಬಹುದು, ಅದು ತುಂಬಾ ದೊಡ್ಡ ಗುಣ. ಆದ್ರೆ ಅದ್ರಲ್ಲಿ ಕಿವಿಯಿಂದ ಕೇಳಿ ಬಿಡಿಸ್ಬೇಕಾದ್ದು ಇದೆ, ಬಣ್ಣ ನೋಡಿ ಬಿಡಿಸ್ಬೇಕಾದ್ದು ಇದೆ, ಕಿವಿ ಕೇಳದೋರಿಗೆ, ಬಣ್ಣ ಗುರುತಿಸೋಕೆ ಕಷ್ಟ ಆಗೋರಿಗೆ ಅಲ್ಲಿ ಯೋಚ್ನೆ ಮಾಡೋ ಅವಕಾಶಾನೇ ಇಲ್ಲ. ಇದನ್ನ ನಾನು ಸಣ್ಣ ಕೊರತೆ ಅಂತ ಒಪ್ಪಲ್ಲ. ಒಗಟು ಕಷ್ಟ ಇರ್ಲಿ, ಒಗಟು ಏನಂತ ಎಲ್ರಿಗೂ ತಲುಪ್ಬೇಕು.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದ್ಲು, "ಸರ್, ವಾಕ್‌ಥ್ರೂ ನೋಡಿದ್ರೆ ತಪ್ಪಾ?" ಅಂತ. ತಪ್ಪೇನಿಲ್ಲಮ್ಮಾ, ಆದ್ರೆ ವಾಕ್‌ಥ್ರೂ ಅಂದ್ರೆ ಶುರುವಿಂದ ಕೊನೇವರೆಗೂ ಹೇಗೆ ಆಡ್ಬೇಕು ಅಂತ ಹೇಳಿಕೊಡೋದು, ಅದು ಒಂದೇ ಸಲ ಎಲ್ಲ ಕೊಟ್ಬಿಡತ್ತೆ, ನಿಂಗೆ ಬೇಕಾಗಿದ್ದು ಚೂರು. ಹಿಂದೆ ಇನ್ಫೋಕಾಮ್ ಕಂಪನಿ ತನ್ನ ಪಠ್ಯದ ಅಡ್ವೆಂಚರ್ ಗೇಮ್‌ಗಳಿಗೆ ಇನ್ವಿಸಿಕ್ಲೂಸ್ ಅಂತ ಪುಸ್ತಕ ಮಾರ್ತಿತ್ತು, 1980ರ ದಶಕದಲ್ಲಿ. ಪ್ರಶ್ನೆ ಮಾತ್ರ ಕಾಣೋ ಹಾಗೆ ಅಚ್ಚಾಗಿರೋದು, ಉತ್ತರಗಳು ಕಾಣದ ಶಾಯೀಲಿ, ಜೊತೆಗೆ ಕೊಟ್ಟಿರೋ ಪೆನ್ನಲ್ಲಿ ಉಜ್ಜಿದ್ರೆ ಒಂದೊಂದೇ ಸಾಲು ಮೂಡೋದು. ಮೊದಲ ಸಾಲಲ್ಲಿ ಸಣ್ಣ ಸುಳಿವು, ಕೆಳಗೆ ಹೋಗ್ತಾ ಹೋಗ್ತಾ ಪೂರ್ತಿ ಉತ್ತರ. ಪ್ರಶ್ನೆ ಓದಿದ್ರೇನೇ ಕಥೆ ಗೊತ್ತಾಗ್ಬಾರ್ದು ಅಂತ ನಡುನಡುವೆ ಸುಳ್ಳು ಪ್ರಶ್ನೆಗಳನ್ನೂ ಹಾಕಿರ್ತಿದ್ರು. ಎಷ್ಟು ಕಾಳಜಿ ನೋಡು. ನಿಂಗೆ ಯಾರಾದ್ರೂ ಆಡಿ ಮುಗಿಸಿರೋ ಗೆಳತಿ ಇದ್ರೆ ಅವಳನ್ನೇ ಕೇಳು, ಮೊದಲನೇ ಸಾಲಷ್ಟೇ ಹೇಳು ಅಂತ.

ಇನ್ನೊಬ್ರು, ಸ್ವಲ್ಪ ವಯಸ್ಸಾದವ್ರು, "ನಮ್ಗೆ ಬೆರಳು ಅಷ್ಟು ಚುರುಕಾಗಿ ಓಡಲ್ಲ, ಯಾವುದರಿಂದ ಶುರು ಮಾಡ್ಲಿ" ಅಂದ್ರು. ಮೇಡಂ, ಗೊರೊಗೋವಾ ಇಂದ ಶುರು ಮಾಡಿ ಅಂದೆ. 2017ರದ್ದು, ಜೇಸನ್ ರಾಬರ್ಟ್ಸ್ ವರ್ಷಗಟ್ಟಲೆ ಕೂತು ಕೈಯಲ್ಲೇ ಚಿತ್ರ ಬಿಡಿಸಿ ಮಾಡಿದ್ದು. ನಾಲ್ಕು ಚೌಕ, ನಾಲ್ಕರಲ್ಲೂ ಚಿತ್ರ, ಒಂದು ಚೌಕನ ಎತ್ತಿ ಇನ್ನೊಂದರ ಮೇಲಿಟ್ರೆ ಆ ಕಿಟಕಿ ಈ ಚಿತ್ರಕ್ಕೆ ಬಾಗಿಲಾಗತ್ತೆ. ಒಂದಕ್ಷರ ಓದೋಕಿಲ್ಲ, ಅವಸರ ಇಲ್ಲ, ಸಾಯೋದಿಲ್ಲ. ಅದಾದ ಮೇಲೆ ಮಶಿನಾರಿಯಮ್, 2009ರದ್ದು, ಅದರಲ್ಲೂ ಪಾತ್ರಗಳು ಮಾತಾಡಲ್ಲ, ತಲೆ ಮೇಲೆ ಗುಳ್ಳೆ ಬಂದು ಅದರೊಳಗೆ ಚಿತ್ರ ಓಡತ್ತೆ ಅಷ್ಟೇ.

ಕೊನೇಗೆ ಯಾರೋ ಹಿಂದಿನ ಸಾಲಿಂದ, ಈಗ ನೀವು ಎಲ್ಲಿ ಸಿಕ್ಕಿಹಾಕ್ಕೊಂಡಿದೀರಿ ಅಂತ ಕೇಳಿದ್ರು. ಸ್ಟೀಫನ್ಸ್ ಸಾಸೇಜ್ ರೋಲ್‌ನಲ್ಲಿ. 2016ರದ್ದು, ಸ್ಟೀಫನ್ ಲಾವೆಲ್ ಮಾಡಿದ್ದು. ನೀವು ಉದ್ದನೆ ಫೋರ್ಕ್ ಹಿಡ್ಕೊಂಡು ನಿಂತಿರ್ತೀರಿ, ತಿರುಗಿದ್ರೆ ಫೋರ್ಕೂ ಬೀಸ್ಕೊಂಡು ತಿರುಗಿ ಅಡ್ಡ ಬಂದಿದ್ದನ್ನ ತಳ್ಳತ್ತೆ, ಸಾಸೇಜ್‌ನ ಎರಡು ಮಗ್ಗುಲಲ್ಲೂ ಎರಡೆರಡು ಭಾಗ, ನಾಲ್ಕೂ ಸರಿಯಾಗಿ ಬೇಯಬೇಕು, ಬೆಂದ ಭಾಗ ಇನ್ನೊಂದ್ಸಲ ಬೆಂಕಿಗೆ ತಾಗಿದ್ರೆ ಸೀದೋಗತ್ತೆ. ಮೊದಲನೇ ಲೆವೆಲ್‌ನಿಂದಾನೇ ಕಷ್ಟ. ನಾನೀಗ ಇರೋ ಲೆವೆಲ್‌ಗೆ ಎರಡು ವಾರ ಆಯ್ತು, ನೋಟ್‌ಬುಕ್‌ನಲ್ಲಿ ಚೌಕ ಹಾಕಿ ಹಾಕಿ ನಾಲ್ಕು ಪುಟ ತುಂಬಿದೆ. ಮೂರು ಭಾಗ ಬೇಯ್ಸೋದು ಗೊತ್ತಾಗಿದೆ. ನಾಲ್ಕನೇದಕ್ಕೆ ನಾನು ಎಡಗಡೆ ನಿಂತಿರ್ಬೇಕು, ಎಡಗಡೆ ನೀರು. ನಿನ್ನೆ ರಾತ್ರಿ ಅನ್ಸಿದ್ದು ಏನಪ್ಪಾ ಅಂದ್ರೆ, ಆ ಜಾಗಕ್ಕೆ ಕೊನೇಲಿ ಹೋಗೋ ಬದಲು ಮೊದಲೇ ಹೋಗಿ ನಿಂತ್ರೆ ಹೇಗೆ ಅಂತ. ಇನ್ನೂ ಹಾಕಿ ನೋಡಿಲ್ಲ, ಇವತ್ತು ಮನೆಗೆ ಹೋಗಿ ನೋಡ್ಬೇಕು.